ಬೇಡುವ ಇಂಗ್ಲಿಷು, ಕೇಳುವ ಇಂಗ್ಲಿಷು

ವ್ಯಾಕರಣ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಪೈಕಿ ಬಹಳ ಜನಕ್ಕೆ ಸಿಟ್ಟು ಬರುತ್ತದೆ. ಆ ಸಿಟ್ಟಿಗೆ ಕಾರಣ ಉಂಟು. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಯಿಸಿದ ಲೋಹ ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ಬರೆದಿಟ್ಟಿತು. ಶುದ್ಧ ಉಚ್ಚಾರ, ಶುದ್ಧ ಕುಲ, ಶುದ್ಧ ಅನ್ನ, ಇವು ಮೂರೂ ಒಂದೇ ಒಲೆಯ ಮೇಲೆ ಬೆಂದ ಅಡುಗೆ. ‘ಹಾಲು’ ಅನ್ನೋ ಕಡೆ ‘ಆಲು’ ಅಂದ ಹುಡುಗನನ್ನು ಕ್ಲಾಸಿನ ಮುಂದೆ ನಿಲ್ಲಿಸಿ ನಗೋದು ಇವತ್ತಿಗೂ ನಿಂತಿಲ್ಲ. ಕನ್ನಡದ ಪಾಠದಲ್ಲೇ ಹೀಗಾದರೆ ಇಂಗ್ಲಿಷಿನ ಪಾಠದಲ್ಲಿ ‘ಈಸ್’ ಇರಬೇಕಾದಲ್ಲಿ ‘ಆರ್’ ಹಾಕಿದವನ ಪಾಡು ಕೇಳುವುದೇ ಬೇಡ. ಹಾಗಾದರೆ ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳಾದ ನಾವು ಇಂಗ್ಲಿಷನ್ನು ಸರಿಯಾದ ವ್ಯಾಕರಣದಲ್ಲಿ, ಖಚಿತವಾದ ಪದಗಳಲ್ಲಿ ಬರೆಯಲೇಬೇಕೆ? ಬರೆದರೆ ಅದು ಶರಣಾಗತಿಯೋ ಸ್ವಾಭಿಮಾನವೋ?

ಇದಕ್ಕೆ ಎರಡು ಸಿದ್ಧ ಉತ್ತರಗಳು ಓಡಾಡುತ್ತಿವೆ. ಇಂಗ್ಲಿಷೇ ದಾಸ್ಯ, ಅದನ್ನು ಕೆಡಿಸಿ ಬರೆದಷ್ಟೂ ಒಳ್ಳೇದು ಅನ್ನುವುದು ಒಂದು. ಇಂಗ್ಲಿಷೇ ಮುಕ್ತಿ, ಕಣ್ಣಿಗೊತ್ತಿಕೊಂಡು ಕಲೀರಿ ಅನ್ನುವುದು ಇನ್ನೊಂದು. ಎರಡನೆಯದನ್ನು ಹಗುರ ಮಾಡುವಂತಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ, ಇಂಗ್ಲಿಷ್ ಓದಿ ಎಂಬರ್ಥದ ಮಾತಾಡಿದ್ದಕ್ಕೆ ಊರೂರಲ್ಲಿ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಅವರು ಮಂತ್ರಿಗಿರಿ ಬಿಡಬೇಕಾಯಿತು. ದಲಿತ ಸಂಘರ್ಷ ಸಮಿತಿಯ ಬೇರು ಆ ಬೆಂಕಿಯಲ್ಲೇ ಇದೆ. 2010ರಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೀರಿ ಜಿಲ್ಲೆಯ ಬಂಕಾ ಎಂಬ ಹಳ್ಳಿಯಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟವರೂ ದಲಿತರೇ. ಅವರ ಹಸಿವು ನಮಗೆ ಅರ್ಥವಾಗುತ್ತದೆ. ಆದರೆ ಮೂವತ್ತಮೂರು ಕೋಟಿ ಇರುವಾಗ ಇನ್ನೊಂದು ದೇವರು ನಮಗೆ ಬೇಡ. ಗುಡಿಯಲ್ಲಿಟ್ಟಿದ್ದಕ್ಕೆ ಕೈ ಮುಗೀಬೇಕು. ಕೈಯಲ್ಲಿ ಹಿಡಿದಿದ್ದರಿಂದ ಕೆಲಸ ಮಾಡಬಹುದು.

ಪರಶುರಾಂಪುರದ ಸೀಮೆಯಿಂದ ನೋಡಿದರೆ ಈ ಜಗಳ ಇನ್ನೊಂದು ಥರ ಕಾಣುತ್ತದೆ. ವೇದಾವತಿಯ ಆಚೀಚೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಈ ಹಳ್ಳಿಗಳಲ್ಲಿ ಎಷ್ಟೋ ಕೇರಿಗಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಬ್ಯಾಂಕಿನ ಪತ್ರದ ಮಾತು ಇಂಗ್ಲಿಷು. ಅವ್ವನ ಮಾತನ್ನು ಬಿಟ್ಟು ಇಸ್ಕೂಲಿನ ಕನ್ನಡ ಕಲಿಯೋದು ಎಷ್ಟು ಕಷ್ಟ ಅಂತ ಗೊತ್ತಿರುವ ನಮಗೆ ಇಂಗ್ಲಿಷು ಮೊದಲನೆಯ ಪರಭಾಷೆಯೇನಲ್ಲ. ಅದಕ್ಕೇ ಅದರ ಮೇಲೆ ವಿಶೇಷ ಭಯವೂ ಬೇಡ, ಭಕ್ತಿಯೂ ಬೇಡ.

ಸಾಹಿತ್ಯದ ಇಂಗ್ಲಿಷು ಬದಿಗಿರಲಿ. ದಿನನಿತ್ಯದ್ದನ್ನು ನೋಡೋಣ. ನಮ್ಮ ಹುಡುಗರು ಸ್ಕಾಲರ್‌ಶಿಪ್ಪಿಗೆ, ಹಾಸ್ಟೆಲಿಗೆ, ಕೆಲಸಕ್ಕೆ, ಶೇಂಗಾ ಬೆಳೆಯ ವಿಮೆಗೆ ಇಂಗ್ಲಿಷಿನಲ್ಲಿ ಅರ್ಜಿ ಬರೀತಾರೆ. ಇಲ್ಲವೇ ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಬರೆಸ್ತಾರೆ. ಎಲ್ಲ ಅರ್ಜಿಗೂ ಒಂದೇ ಅಚ್ಚು. ‘ರೆಸ್ಪೆಕ್ಟೆಡ್ ಸರ್, ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್’ ಅಂತ ಶುರು. ‘ಕೈಂಡ್ಲಿ ಡು ದಿ ನೀಡ್‌ಫುಲ್’ ಅಂತ ಕೊನೆ. ಮಧ್ಯೆ ಕಷ್ಟಸುಖ. ಇದರಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ, ಮೇಷ್ಟ್ರು ಇದಕ್ಕೆ ಕೆಂಪು ಶಾಯಿ ಹಾಕುವುದಿಲ್ಲ. ಆದರೂ ಇದು ಕೆಟ್ಟ ಇಂಗ್ಲಿಷು.

ಯಾಕೆ ಕೆಟ್ಟದ್ದು? ಮೊದಲ ಮಾತು ‘ಬೆಗ್’. ಬೆಗ್ ಅಂದರೆ ಬೇಡು, ಭಿಕ್ಷೆ ಎತ್ತು. ಸ್ಕಾಲರ್‌ಶಿಪ್ಪು ಸರ್ಕಾರ ಆದೇಶ ಮಾಡಿ ಇಟ್ಟ ಹಣ. ಅದನ್ನು ಬೇಡುವುದೇಕೆ? ಮಾಹಿತಿ ಹಕ್ಕಿನ ಕಾಯ್ದೆ 2005ರಲ್ಲಿ ಬಂತು. ಮಾಹಿತಿ ಯಾಕೆ ಬೇಕು ಅಂತ ಅರ್ಜಿದಾರ ಕಾರಣ ಕೊಡಬೇಕಾಗಿಲ್ಲ ಅಂತ ಅದರ 6ನೇ ಕಲಮು ಹೇಳುತ್ತದೆ. ಆದರೂ ನಮ್ಮವರು ಆ ಅರ್ಜಿಯಲ್ಲೂ ‘ಬೆಗ್’ ಮಾಡ್ತಾರೆ. ಬಾಗಿಲು ತೆರೆದಿದ್ದರೂ ಹೊಸ್ತಿಲ ಹೊರಗೇ ನಿಂತು ಕೈ ಚಾಚುವ ಅಭ್ಯಾಸ ಇದು.

ಕೊನೆಯ ಮಾತು ‘ನೀಡ್‌ಫುಲ್’. ಏನು ಅಗತ್ಯವೋ ಅದನ್ನು ಮಾಡಿ ಅಂತ ಅರ್ಥ. ಏನಪ್ಪಾ ಅಗತ್ಯ? ಬೋರ್‌ವೆಲ್ ರಿಪೇರಿ ಆಗಬೇಕೋ, ತಡೆಹಿಡಿದ ಮೂರು ತಿಂಗಳ ಕೂಲಿ ಬರಬೇಕೋ, ಸ್ಮಶಾನಕ್ಕೆ ದಾರಿ ಬಿಡಿಸಬೇಕೋ? ಹೇಳಿಲ್ಲ. ಹೇಳದೆ ಇದ್ದದ್ದನ್ನು ಮಾಡದೆ ಇದ್ದರೆ ಅಧಿಕಾರಿಯನ್ನು ಯಾರು ಹಿಡಿಯಲಾದೀತು? ಇದೇ ಅರ್ಜಿಯನ್ನು ‘ಇಂಥ ತಾರೀಕಿಂದ ಇಂಥ ತಾರೀಕಿನವರೆಗೆ ಇಷ್ಟು ದಿನದ ಕೂಲಿ ಬಂದಿಲ್ಲ, ಕೊಡಿ, ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ’ ಅಂತ ನಾಲ್ಕು ಸಾದಾ ಇಂಗ್ಲಿಷ್ ವಾಕ್ಯದಲ್ಲಿ ಬರೆದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಮೊದಲನೆಯದು ಬೇಡುವ ಇಂಗ್ಲಿಷು. ಎರಡನೆಯದು ಕೇಳುವ ಇಂಗ್ಲಿಷು.

ಇಲ್ಲಿ ಒಂದು ವಿಚಿತ್ರ ಇದೆ. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಅಂತ ತೀರ್ಮಾನಿಸಬೇಕು. ಆ ತೀರ್ಮಾನವನ್ನು ಊರು ಯಾವತ್ತೋ ಮಾಡಿಟ್ಟಿದೆ. ಎಪ್ಪತ್ತು ವರ್ಷದ ನಮ್ಮ ತಾತನಿಗೆ ಹತ್ತು ವರ್ಷದ ಹುಡುಗ ‘ಏನ್ಲಾ’ ಅಂತಾನೆ. ಆ ಹುಡುಗನಿಗೆ ತಾತ ‘ಬುದ್ಧೀ’ ಅನ್ನಬೇಕು. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ‘ಯೂ’. ಜಿಲ್ಲಾಧಿಕಾರಿಯೂ ‘ಯೂ’, ಜಾಡಮಾಲಿಯೂ ‘ಯೂ’. ಆ ಭಾಷೆಯ ವ್ಯಾಕರಣ ನಮಗೆ ಪುಕ್ಕಟೆ ಕೊಟ್ಟ ಸಮಾನತೆ ಇದು. ಇಂಗ್ಲಿಷರಲ್ಲಿ ಮೇಲುಕೀಳು ಇಲ್ಲ ಅಂತಲ್ಲ, ಸರ್ವನಾಮದಲ್ಲಿ ಇಲ್ಲ ಅಷ್ಟೆ. ಅದನ್ನು ತೆಗೆದುಕೊಂಡ ನಾವು ಮಾಡಿದ್ದೇನು? ಸರ್ವನಾಮದಿಂದ ಹೊರಗೆ ಹೋದ ಜಾತಿಯನ್ನು ‘ಹಂಬ್ಲಿ ಬೆಗ್’ ಅಂತ ಹಿಂಬಾಗಿಲಿಂದ ಕರೆತಂದೆವು.

ಇನ್ನು ಕ್ರಿಯಾಪದಕ್ಕೆ ಬರೋಣ. ಕನ್ನಡದ ಕ್ರಿಯಾಪದದ ಬಾಲದಲ್ಲೇ ಮಾಡಿದವನು ಕೂತಿರುತ್ತಾನೆ. ‘ಹೊಡೆದ’ ಅಂದರೆ ಒಬ್ಬ ಗಂಡಸು. ‘ಹೊಡೆದಳು’ ಅಂದರೆ ಒಬ್ಬ ಹೆಂಗಸು. ‘ಹೊಡೆದರು’ ಅಂದರೆ? ಹಲವರಿರಬಹುದು. ಅಥವಾ ಬಹುವಚನದಲ್ಲೇ ಕರೆಯಬೇಕಾದ ಒಬ್ಬ ದೊಡ್ಡ ಮನುಷ್ಯ ಇರಬಹುದು. ‘ಗೌಡ್ರು ಹೊಡೆದ್ರು ಸಾಮಿ’ ಅಂತ ಠಾಣೆಯಲ್ಲಿ ಒಬ್ಬ ಹೇಳಿದ ಅಂತಿಟ್ಟುಕೊಳ್ಳಿ. ಏಟು ತಿಂದವನೂ ಏಟು ಕೊಟ್ಟವನಿಗೆ ಮರ್ಯಾದೆ ಕೊಡಬೇಕಾದ ವ್ಯಾಕರಣ ನಮ್ಮದು. ಈ ಮಾತು ಮುಂದೆ ಇಂಗ್ಲಿಷಿಗೆ ಹೋಗುವಾಗ ಅನುವಾದಕ ‘ದೇ’ ಅಂತ ಬರೆದರೆ ಒಬ್ಬ ಆರೋಪಿ ಗುಂಪಾಗುತ್ತಾನೆ. ಎದುರು ಪಕ್ಷದ ವಕೀಲ ಎದ್ದು ‘ಯಾರ್ಯಾರು, ಎಷ್ಟು ಜನ?’ ಅಂತ ಕೇಳುತ್ತಾನೆ. ಒಬ್ಬನ ಹೆಸರಷ್ಟೇ ಬಂದರೆ ಸಾಕ್ಷಿ ಮಾತು ಬದಲಿಸಿದ ಅಂತ ಬರೆಸುತ್ತಾನೆ. ‘ಹೀ’ ಅಂತ ಬರೆದಿದ್ದರೆ ಈ ಬಿರುಕೇ ಇಲ್ಲ. ಗೌಡನನ್ನು ಏಕವಚನಕ್ಕೆ ಇಳಿಸುವ ಕೆಲಸವನ್ನು ಇಲ್ಲಿ ಒಂದು ಸರ್ವನಾಮ ಮಾಡುತ್ತದೆ. ಅದನ್ನು ಸರಿಯಾಗಿ ಬಳಸಬೇಕು ಅಷ್ಟೆ.

ಮಾಡಿದವನನ್ನು ಪೂರಾ ಮಾಯ ಮಾಡುವ ವಿದ್ಯೆಯೂ ಇಂಗ್ಲಿಷಿನಲ್ಲಿದೆ. ಅದರ ಹೆಸರು ಕರ್ಮಣಿ ಪ್ರಯೋಗ. ‘ವಾಸ್ ಬೀಟನ್’, ‘ವಾಸ್ ಎನ್‌ಕ್ರೋಚ್ಡ್’. ಏಟು ಬಿತ್ತು, ಹೊಲ ಒತ್ತುವರಿ ಆಯಿತು. ಯಾರಿಂದ? ವಾಕ್ಯ ಮುಗಿದಿದೆ, ವ್ಯಾಕರಣ ಸರಿಯಿದೆ, ಕೊಲೆಗಾರ ತಪ್ಪಿಸಿಕೊಂಡಿದ್ದಾನೆ. ನಮ್ಮ ಹಳ್ಳಿಯಲ್ಲಿ ಯಾರೂ ‘ನಾನು ಹೊಡೆಯಲ್ಪಟ್ಟೆ’ ಅನ್ನಲ್ಲ. ಆದರೆ ಕಚೇರಿಯ ಕನ್ನಡ ಈ ವಿದ್ಯೆಯನ್ನು ಚೆನ್ನಾಗಿ ಕಲಿತಿದೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಯಾರು ಕೈಗೊಳ್ಳುವವರು? ಯಾವಾಗ? ಯಾವುದು ಸೂಕ್ತ? ಈ ವಾಕ್ಯದಲ್ಲಿ ಕೈಯೊಂದು ಬಿಟ್ಟು ಇನ್ನಾರೂ ಇಲ್ಲ. ಇಂಗ್ಲಿಷಿನ ರಾಜಕೀಯ ಬರಹ ಕೊಲೆಯನ್ನೂ ಹೀಗೆ ಮರೆಮಾಚುತ್ತದೆ ಅಂತ ಜಾರ್ಜ್ ಆರ್ವೆಲ್ 1946ರಲ್ಲೇ ಒಂದು ಪ್ರಬಂಧ ಬರೆದ. ನಾವು ಅದನ್ನು ತಾಲ್ಲೂಕು ಆಫೀಸಿನ ಹಿಂಬರಹಗಳಲ್ಲಿ ದಿನಾ ಓದುತ್ತಿದ್ದೇವೆ.

ಯಾರು ಯಾರನ್ನು ಕೊಂದರು ಅನ್ನೋದು ಒಂದು ಸ್ವರದ ಮೇಲೆ ನಿಲ್ಲುತ್ತದೆ ಎಂಬುದನ್ನು ಪುರೋಹಿತರು ಬಹಳ ಹಿಂದೆಯೇ ಅರಿತಿದ್ದರು. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ತ್ವಷ್ಟೃ ಹೋಮ ಮಾಡಿದ. ‘ಇಂದ್ರಶತ್ರು’ ಎಂಬ ಪದದ ಸ್ವರಭಾರ ತಪ್ಪಾದ ಜಾಗದಲ್ಲಿ ಬಿತ್ತು. ‘ಇಂದ್ರನನ್ನು ಕೊಲ್ಲುವವನು’ ಎಂಬ ಅರ್ಥ ಹೋಗಿ ‘ಇಂದ್ರನಿಂದ ಸಾಯುವವನು’ ಎಂದಾಯಿತು. ಹುಟ್ಟಿದ ವೃತ್ರ ಸತ್ತ. ವ್ಯಾಕರಣ ಯಾಕೆ ಕಲಿಯಬೇಕು ಅನ್ನುವುದಕ್ಕೆ ಪತಂಜಲಿಯ ಮಹಾಭಾಷ್ಯದಲ್ಲಿ ಈ ಉದಾಹರಣೆ ಇದೆ. ಇಂಥ ಆಯುಧವನ್ನು ಅವರು ಮಡಿಬಟ್ಟೆಯಲ್ಲಿ ಸುತ್ತಿಟ್ಟು ನಮ್ಮನ್ನು ಹೊರಗಿಟ್ಟರು. ಮಡಿಯ ಮೇಲಿನ ಸಿಟ್ಟಿಗೆ ಆಯುಧವನ್ನೂ ಎಸೆದರೆ ನಮ್ಮಂಥ ದಡ್ಡರು ಇನ್ನಿಲ್ಲ.

ಹಾಗಾದರೆ ಮಡಿ ಯಾವುದು, ಆಯುಧ ಯಾವುದು? ನಾವು ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇವೆ. ತಪ್ಪಾದ್ದರಿಂದ ಯಾರು, ಯಾರಿಗೆ, ಏನು, ಎಲ್ಲಿ, ಯಾವಾಗ ಎಂಬುದರಲ್ಲಿ ಒಂದಾದರೂ ಬದಲಾಯಿತೋ? ಬದಲಾದರೆ ಅದು ನಿಜವಾದ ತಪ್ಪು, ತಿದ್ದಬೇಕು. ಬದಲಾಗದಿದ್ದರೆ ಅದು ಬರೀ ಮಡಿ. ಕನ್ನಡದಲ್ಲಿ ‘ಎ’, ‘ದಿ’ಗಳಿಲ್ಲ, ಅದಕ್ಕೇ ನಮ್ಮವರು ಇಂಗ್ಲಿಷಿನಲ್ಲೂ ಅವನ್ನು ಮರೀತಾರೆ. ‘ಐ ಆಮ್ ಸ್ಟೂಡೆಂಟ್’ ಅಂದರೆ ಯಾರಿಗೂ ಏನೂ ನಷ್ಟವಿಲ್ಲ. ನಗುವವನು ವಾಕ್ಯಕ್ಕೆ ನಗುತ್ತಿಲ್ಲ, ಹುಟ್ಟಿಗೆ ನಗುತ್ತಿದ್ದಾನೆ. ಆದರೆ ‘ಲೆಂಟ್’ ಬರೆಯುವ ಕಡೆ ‘ಬಾರೋಡ್’ ಬರೆದರೆ ಸಾಲ ಕೊಟ್ಟವನೇ ಸಾಲಗಾರ ಆಗುತ್ತಾನೆ. ‘ಮೇ’ ಇರುವ ಕಡೆ ‘ಷಲ್’ ಓದಿದರೆ ಮಾಡಬಹುದು ಅನ್ನುವುದು ಮಾಡಲೇಬೇಕು ಆಗುತ್ತದೆ. ಇದು ನಗುವ ವಿಷಯ ಅಲ್ಲ, ಕೂತು ಕಲಿಯುವ ವಿಷಯ.

ಈ ಎರಡನ್ನೂ ಬೆರೆಸಿದರೆ ಎಂಥ ಅನ್ಯಾಯ ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ಅಮೆರಿಕದಲ್ಲಿದೆ. ದಲಿತ ಪ್ಯಾಂಥರು 1972ರಲ್ಲಿ ತಮ್ಮ ಹೆಸರನ್ನು ಪಡೆದದ್ದು ಅಲ್ಲಿನ ಕರಿಯರ ಚಳವಳಿಯಿಂದ, ಹಾಗಾಗಿ ಅದು ನಮ್ಮ ನೆಂಟರ ಮನೆಯ ಸುದ್ದಿಯೇ. 2012ರಲ್ಲಿ ಫ್ಲೋರಿಡಾದಲ್ಲಿ ಟ್ರೇವಾನ್ ಮಾರ್ಟಿನ್ ಎಂಬ ಕರಿಯ ಹುಡುಗನನ್ನು ಗುಂಡಿಟ್ಟು ಕೊಂದರು. ಸಾಯುವ ಮುಂಚೆ ಅವನ ಜೊತೆ ಫೋನಿನಲ್ಲಿದ್ದ ಗೆಳತಿ ರೇಚಲ್ ಜಾಂಟೆಲ್ 2013ರಲ್ಲಿ ಕೋರ್ಟಿನಲ್ಲಿ ಗಂಟೆಗಟ್ಟಲೆ ಸಾಕ್ಷಿ ಹೇಳಿದಳು. ತನ್ನ ಕೇರಿಯ ಇಂಗ್ಲಿಷಿನಲ್ಲಿ ಹೇಳಿದಳು. ಜನ ನಕ್ಕರು. ಅವಳ ಮಾತು ಹಿಡಿಯುವುದೇ ಕಷ್ಟವಾಯಿತು ಅಂತ ಜೂರಿಯೊಬ್ಬಳು ಆಮೇಲೆ ಹೇಳಿದಳು. ಆರೋಪಿ ಬಿಡುಗಡೆಯಾದ. ಆ ಇಂಗ್ಲಿಷಿಗೂ ಅದರದೇ ಕಟ್ಟುನಿಟ್ಟಾದ ನಿಯಮಗಳಿವೆ ಅಂತ ವಿಲಿಯಂ ಲಬೋವ್ ಥರದ ಭಾಷಾವಿಜ್ಞಾನಿಗಳು 1960ರ ದಶಕದಿಂದಲೇ ತೋರಿಸಿಕೊಟ್ಟಿದ್ದರು. ಅಲ್ಲಿ ತಪ್ಪಿದ್ದು ಹೇಳಿದವಳ ವ್ಯಾಕರಣ ಅಲ್ಲ, ಕೇಳಿದವರ ಕಿವಿ. ಆದ್ದರಿಂದ ಕಲಿಯುವ ಹೊಣೆ ಬಡವನ ಮೇಲೊಂದೇ ಹೊರಿಸುವುದನ್ನು ನಾವು ಒಪ್ಪುವುದಿಲ್ಲ. ಕೇಳುವವನೂ ಕೇಳುವುದನ್ನು ಕಲಿಯಬೇಕು.

ಆದರೆ ಅವನು ಕಲಿಯುವ ತನಕ ಕಾನೂನು ಕಾಯುವುದಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿ ಹಿಡಿದು ಅವಮಾನಿಸಿದರೆ ಅಪರಾಧ. ಎಲ್ಲಿ? ‘ಸಾರ್ವಜನಿಕರ ಕಣ್ಣಿಗೆ ಬೀಳುವ ಯಾವುದೇ ಜಾಗದಲ್ಲಿ’. ‘ಸಾರ್ವಜನಿಕ ಜಾಗ’ ಅಲ್ಲ, ‘ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗ’. ಎರಡೂ ಬೇರೆ ಬೇರೆ ಅಂತ ಸುಪ್ರೀಂ ಕೋರ್ಟು 2008ರಲ್ಲಿ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಬಿಡಿಸಿ ಹೇಳಿತು. ಖಾಸಗಿ ಮನೆಯ ಅಂಗಳವಾದರೂ ರಸ್ತೆಯಲ್ಲಿ ಹೋಗುವವರಿಗೆ ಕಾಣುವಂತಿದ್ದರೆ ಸಾಕು. 2020ರಲ್ಲಿ ಹಿತೇಶ್ ವರ್ಮಾ ಮೊಕದ್ದಮೆಯಲ್ಲಿ ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದದ್ದು ಈ ಕಲಮಿಗೆ ಬರುವುದಿಲ್ಲ ಅಂದಿತು. ಈಗ ದೂರು ನೋಡಿ. ‘ಜಾತಿ ನಿಂದನೆ ಮಾಡಿದರು’ ಅಂತ ಒಂದೇ ಸಾಲು. ಎಲ್ಲಿ ನಿಂತು, ಯಾರೆದುರಿಗೆ, ಯಾವ ಪದ ಬಳಸಿ ಅನ್ನುವುದು ಬರೆಯದೆ ಹೋದರೆ ನಡೆದ ಅವಮಾನವೂ ಕಾಗದದಲ್ಲಿ ನಡೆಯಲಿಲ್ಲ. ‘ಬೆಳಿಗ್ಗೆ ಏಳು ಗಂಟೆಗೆ, ಟೀ ಹೋಟೆಲಿನ ಮುಂದೆ, ಇಂಥಿಂಥವರು ನಿಂತಿದ್ದಾಗ’ ಅನ್ನುವ ಆರೇಳು ಪದಗಳಲ್ಲಿ ಮೊಕದ್ದಮೆಯ ಜೀವ ಇದೆ.

ಬರೆಯದೆ ಬಿಟ್ಟ ಮಾತಿಗೂ ಬೆಲೆ ತೆರಬೇಕಾಗುತ್ತದೆ. ದಲಿತರಿಗೆ ಮಂಜೂರಾದ ಭೂಮಿ ಪರಭಾರೆ ಆಗದಂತೆ ಕರ್ನಾಟಕ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದಿತು. ಕಳೆದ ಭೂಮಿ ವಾಪಸು ಕೇಳಲು ಇಷ್ಟೇ ವರ್ಷ ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಎಷ್ಟು ವರ್ಷವಾದರೂ ಕೇಳಬಹುದು ಅಂತಲೂ ಬರೆದಿರಲಿಲ್ಲ. ಆ ಖಾಲಿ ಜಾಗಕ್ಕೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪಿನ ಮೂಲಕ ‘ರೀಸನೆಬಲ್ ಟೈಮ್’ ಬಂದು ಕೂತಿತು. ಕಾಲಕ್ಕೆ ಸರಿಯಾಗಿ ಕೇಳಲಿಲ್ಲ ಅನ್ನುವ ಕಾರಣಕ್ಕೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ಕಾಲಮಿತಿ ಇಲ್ಲ ಅಂತ ಸ್ಪಷ್ಟವಾಗಿ ಬರೆಸಲು ನಮ್ಮವರು ಬೀದಿಯಲ್ಲಿ ಕೂರಬೇಕಾಯಿತು. 2023ರಲ್ಲಿ ತಿದ್ದುಪಡಿ ಬಂತು. ಒಂದು ವಾಕ್ಯಕ್ಕೆ ನಲವತ್ತೈದು ವರ್ಷ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಖಚಿತತೆ ತಾನಾಗಿ ಬಡವನ ಪರ ನಿಲ್ಲುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಮಲ ಹೊರುವ ಕೆಲಸದಿಂದ ಸಾವು ವರದಿಯಾಗಿಲ್ಲ ಅಂದಿತು. ಮ್ಯಾನ್‌ಹೋಲಿಗೆ ಇಳಿದು ಸತ್ತವರು? 2013ರ ಕಾಯ್ದೆಯ ಪ್ರಕಾರ ಅವರು ‘ಅಪಾಯಕಾರಿ ಶುಚಿಗೊಳಿಸುವಿಕೆ’ಯ ಲೆಕ್ಕ, ಮಲ ಹೊರುವವರ ಲೆಕ್ಕವಲ್ಲ. ವ್ಯಾಖ್ಯೆ ಸರಿ, ವ್ಯಾಕರಣ ಸರಿ, ಹೆಣ ಮಾತ್ರ ಒಂದು ಕಾಲಮ್ಮಿನಿಂದ ಮಾಯ. ನಮ್ಮ ಚಳ್ಳಕೆರೆಯ ಕಾವಲುಗಳ ಕಥೆಯೂ ಪದದ ಕಥೆಯೇ. ಕಂದಾಯ ಬಾರದ ನೆಲವನ್ನು ‘ವೇಸ್ಟ್’ ಅಂತ ಬರೆದುಕೊಳ್ಳುವುದು ಇಂಗ್ಲಿಷರ ಕಾಲದ ದಫ್ತರಿನ ಪದ್ಧತಿ. ಕುರಿ ಮೇಯುವ, ದನ ಮೇಯುವ, ಕಂಬಳಿಗೆ ಉಣ್ಣೆ ಕೊಡುವ ನೆಲ ‘ವೇಸ್ಟ್’ ಹೇಗಾದೀತು? ಕುದಾಪುರ, ಉಳ್ಳಾರ್ತಿ, ವರವು ಕಡೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಸಂಶೋಧನೆಗೆ, ಇಸ್ರೋಗೆ, ಅಣುಸಂಸ್ಥೆಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಯಿತು. 2013ರಲ್ಲಿ ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋದಾಗ ವಾದ ನಡೆದದ್ದು ಇಂಗ್ಲಿಷಿನಲ್ಲಿ. ಕುರಿಯ ಹಿಂದೆ ನಡೆದ ಕಾಲುಗಳಿಗೆ ಆ ನೆಲದ ಒಂದೊಂದು ಹುಲ್ಲಿನ ಹೆಸರೂ ಗೊತ್ತು. ‘ಕಾವಲು’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಏನೆನ್ನಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರಾಗಿದ್ದರು. ಅವರು ಹೊರಗಿದ್ದರು.

ಇಷ್ಟೆಲ್ಲ ಯಾಕೆ, ಕನ್ನಡದಲ್ಲೇ ಕೇಳಬಾರದೆ ಅಂತ ಗೆಳೆಯರು ಕೇಳಬಹುದು. ಕೇಳಲೇಬೇಕು. ಸಂವಿಧಾನದ 350ನೇ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಕೊಟ್ಟಿದೆ. ನಾಡಕಚೇರಿಯಲ್ಲಿ, ಠಾಣೆಯಲ್ಲಿ ಇಂಗ್ಲಿಷು ಬೇಕು ಅನ್ನುವವನಿಗೆ ಅದನ್ನು ತೋರಿಸಿ. ಆದರೆ 348ನೇ ವಿಧಿಯ ಪ್ರಕಾರ ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷು. ನಮ್ಮ ದೂರು ಪರಶುರಾಂಪುರದಲ್ಲಿ ಕನ್ನಡದಲ್ಲೇ ಹುಟ್ಟುತ್ತದೆ. ಬೆಂಗಳೂರು ತಲುಪುವ ಹೊತ್ತಿಗೆ ಅದು ಇನ್ಯಾರೋ ಬರೆದ ಇಂಗ್ಲಿಷು. ನಮ್ಮ ಹೆಸರಲ್ಲಿ ಬರೆದ ಆ ವಾಕ್ಯ ನಮ್ಮ ಮಾತು ಹೌದೋ ಅಲ್ಲವೋ ಅಂತ ನೋಡುವ ಕಣ್ಣು ನಮ್ಮ ಕೇರಿಯಲ್ಲೇ ಇರಬೇಕು. ಕನ್ನಡವನ್ನು ಕೋರ್ಟಿಗೆ ಕರೆದೊಯ್ಯುವ ಹೋರಾಟ ಒಂದು ಕಡೆ ನಡೆಯಲಿ. ಅದು ಗೆಲ್ಲುವವರೆಗೆ ನಮ್ಮ ವಾಕ್ಯವನ್ನು ಕಾಯುವವರು ಬೇಡವೆ?

ವ್ಯಾಕರಣವೇ ನ್ಯಾಯ ಕೊಡಿಸುತ್ತದೆ ಎಂಬ ಭ್ರಮೆ ನಮಗಿಲ್ಲ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಅಲ್ಲಿ ಸೋತದ್ದು ವಾಕ್ಯವಲ್ಲ, ಭಯದಲ್ಲಿ ಮಾತು ಹಿಂತೆಗೆದುಕೊಂಡ ಸಾಕ್ಷಿಗಳ ಧೈರ್ಯ. ಆ ಧೈರ್ಯ ಸಂಘಟನೆಯಿಂದ ಬರಬೇಕು. ಆದರೆ ಸಂಘಟನೆ ಹತ್ತು ವರ್ಷ ಕಷ್ಟಪಟ್ಟು ಎಬ್ಬಿಸಿದ ಬಾಯಿ ಕಾಗದದ ಮೇಲೆ ಬರುವಾಗ ತೊದಲಬಾರದು.

ಬಾಬಾಸಾಹೇಬರನ್ನು ನೆನೆಯೋಣ. 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದವರು ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದರು. ಇಂಗ್ಲಿಷಿನಲ್ಲಿ ಬರೆದ ಆ ಭಾಷಣ ನೋಡಿ ಹೆದರಿ, ವೇದದ ಮಾತು ತೆಗೀರಿ, ಅಲ್ಲಲ್ಲಿ ತಿದ್ದಿ ಅಂದರು. ಒಂದು ಕಾಮಾವನ್ನೂ ಬದಲಿಸುವುದಿಲ್ಲ ಅಂತ ಅವರು ಉತ್ತರ ಬರೆದರು. ಸಮ್ಮೇಳನವೇ ರದ್ದಾಯಿತು. ಭಾಷಣವನ್ನು ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ಪ್ರತಿ ಪದವನ್ನೂ ತೂಗಿ ಇಟ್ಟವನಿಗೆ ಮಾತ್ರ ಕಾಮಾಕ್ಕೂ ಜಗಳ ಆಡುವ ಹಕ್ಕು ಬರುತ್ತದೆ. ‘ಯಥೋಚಿತ ಕ್ರಮ ಜರುಗಿಸಿ’ ಅಂತ ಬರೆದವನ ಹತ್ತಿರ ಕಾಪಾಡಿಕೊಳ್ಳಲು ಒಂದು ಚುಕ್ಕಿಯೂ ಇರುವುದಿಲ್ಲ.

2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದ ಇಂಗ್ಲಿಷ್ ಇದೆ. ಹಳ್ಳಿಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನಮ್ಮದೊಂದು ಮಾತು. ರಜೆ ಚೀಟಿಯಲ್ಲಿ ‘ಬೆಗ್’ ಬರೆಸಬೇಡಿ. ‘ಐ ರಿಕ್ವೆಸ್ಟ್’ ಸಾಕು, ಅದರಲ್ಲಿ ಮರ್ಯಾದೆಯೂ ಇದೆ, ಬೆನ್ನೂ ನೆಟ್ಟಗಿರುತ್ತದೆ. ‘ದಿ’ ಬಿಟ್ಟಿದ್ದಕ್ಕೆ ಮಗುವನ್ನು ನಿಲ್ಲಿಸಬೇಡಿ. ಯಾರು ಅಂತ ಬರೆಯದೆ ಬಿಟ್ಟರೆ ಮಾತ್ರ ಬಿಡಬೇಡಿ. ಕಾಲೇಜು ಕಲಿಯುವ ತಮ್ಮ ತಂಗಿಯರೇ, ಭಾನುವಾರ ಒಂದು ಗಂಟೆ ಕೇರಿಯ ಅಂಬೇಡ್ಕರ್ ಭವನದಲ್ಲಿ ಕೂತು ಬಂದ ನೋಟಿಸುಗಳನ್ನು, ಬ್ಯಾಂಕಿನ ಕಾಗದಗಳನ್ನು ಜೋರಾಗಿ ಓದಿ ಹೇಳಿ. ಠಾಣೆಯಲ್ಲಿ ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡವರು ಅದನ್ನು ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಹಿಂದಿನ ಸಂಹಿತೆಯಲ್ಲೂ ಇದಿತ್ತು, 2024ರ ಜುಲೈಯಿಂದ ಜಾರಿಯಾದ ಹೊಸ ಸಂಹಿತೆಯಲ್ಲೂ ಇದೆ. ಓದಿಸಿಕೊಳ್ಳದೆ ಸಹಿ ಹಾಕುವುದು ಬೇಡ.

ನಮ್ಮ ಹಿರಿಯರ ಹೆಬ್ಬೆಟ್ಟನ್ನು ಅವರು ಓದಲಾಗದ ಕಾಗದಗಳ ಮೇಲೆ ಒತ್ತಿಸಿಕೊಂಡರು. ನಾವು ಅಕ್ಷರ ಕಲಿತು, ನಮಗೇ ಅರ್ಥವಾಗದ ‘ಬೆಗ್ ಟು ಸ್ಟೇಟ್’ನ ಕೆಳಗೆ ಚೆಂದವಾಗಿ ರುಜು ಹಾಕಿದರೆ ಅದೂ ಹೆಬ್ಬೆಟ್ಟೇ. ಶಾಯಿ ಮಾತ್ರ ಬೇರೆ.